ಒಂದೇ ಮಟ್ಟು, ಹಲವು ಪ್ಲೇಟು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮುಖ್ಯ ಮಾರ್ಗ ಬಿಟ್ಟು ಕವಲೊಡೆಯುವ ರೈಲು ಹಳಿ ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಇವುಗಳಲ್ಲಿ ಚಾಂಪಿಯನ್ ಎಂದರೆ ಈ ಕಡೆಯವರಿಗೆ ಗಣಿ. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್. ಆದರೆ 1930ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಎಂಬ ಊರಿನಲ್ಲಿ ಯಾರಾದರೂ ಚಾಂಪಿಯನ್ ಎಂದರೆ ಅದು ಗ್ರಾಮಾಫೋನ್ ಪ್ಲೇಟಿನ ಹೆಸರು. ಕಡಿಮೆ ಬೆಲೆಗೆ ಮಾರುತ್ತಿದ್ದ ಸಾಧಾರಣ ಪ್ಲೇಟು.

ಎರಡು ಚಾಂಪಿಯನ್‌ಗಳಿಗೂ ನಂಟಿಲ್ಲ, ಹೆಸರು ಕೂಡಿಬಂದಿದೆ ಅಷ್ಟೆ. ಆದರೂ ಆ ಅಗ್ಗದ ಪ್ಲೇಟಿನಲ್ಲಿ ಅಚ್ಚಾದ ಪುಟ್ಟದೊಂದು ಸ್ವರಗುಚ್ಛ ಹತ್ತು ವರ್ಷಗಳಲ್ಲಿ ಐದಾರು ಕೈ ಬದಲಿಸಿ, ಬೇರೊಬ್ಬರ ಹೆಸರು ಹೊತ್ತು, ಲೋಕವನ್ನೆಲ್ಲ ಕುಣಿಸಿತು. ಇಂಗ್ಲಿಷ್ ನೃತ್ಯ ನಡೆಯುತ್ತಿದ್ದ ಕ್ಲಬ್ಬುಗಳಿಗೆ ನಲವತ್ತರ ದಶಕದಲ್ಲಿ ಅದರಿಂದ ತಪ್ಪಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ. ಅಂಥ ಕ್ಲಬ್ಬುಗಳಿಗೆ ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಕೊರತೆಯಿರಲಿಲ್ಲ ಎಂಬುದನ್ನು ಹೊಸದಾಗಿ ಹೇಳಬೇಕಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಇಂಗ್ಲಿಷರು, ಕಾರ್ನ್‌ವಾಲ್‌ನ ಗಣಿಗಾರರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಇಲ್ಲಿ ನೆಲೆಸಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಜನ ಈ ಊರನ್ನು ಪುಟ್ಟ ಇಂಗ್ಲೆಂಡ್ ಎಂದೇ ಕರೆದರು. ಕೆ.ಜಿ.ಎಫ್. ಕ್ಲಬ್ಬಿನ ನೃತ್ಯ, ಆಂಗ್ಲೋ ಇಂಡಿಯನ್ನರ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಕುಣಿತಗಳ ಮಾತು ಹಳಬರ ನಾಲಿಗೆಯ ಮೇಲೆ ಇನ್ನೂ ಉಳಿದಿದೆ.

ಆ ಕುಣಿತಕ್ಕೆ ಹಾಕುತ್ತಿದ್ದ ಸಂಗೀತಕ್ಕೆ ಸ್ವಿಂಗ್ ಎಂದು ಹೆಸರು. ಜಾಝ್ ಸಂಗೀತದ ಒಂದು ಕವಲು. ಸುಮಾರು 1935ರಿಂದ ಎರಡನೆಯ ಮಹಾಯುದ್ಧದ ಕೊನೆಯವರೆಗೆ ಅದರದೇ ರಾಜ್ಯಭಾರ. ಹನ್ನೆರಡು, ಹದಿನೈದು ಜನರ ದೊಡ್ಡ ತಂಡ. ಟ್ರಂಪೆಟ್ಟುಗಳ ಒಂದು ಸಾಲು, ಟ್ರಾಂಬೋನುಗಳ ಒಂದು ಸಾಲು, ಸ್ಯಾಕ್ಸೋಫೋನುಗಳ ಒಂದು ಸಾಲು. (ಸ್ಯಾಕ್ಸೋಫೋನ್ ಎಂದಕೂಡಲೇ ಕನ್ನಡಿಗರಿಗೆ ನೆನಪಾಗುವವರು ಕದ್ರಿ ಗೋಪಾಲನಾಥ್. ಅವರು ಆ ವಾದ್ಯವನ್ನು ಮೊದಲು ಕೇಳಿ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ.) ಈ ತಂಡಗಳ ಪ್ಲೇಟುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳುತ್ತ ಹೋದರೆ, ಒಂದೇ ತುಣುಕು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಪದೇ ಪದೇ ಮರಳಿ ಬರುವ ಅಂಥ ತುಣುಕನ್ನು ಜಾಝ್‌ನವರು ರಿಫ್ ಎನ್ನುತ್ತಾರೆ. ರಿಫ್‌ನ ಜಾಡು ಹಿಡಿಯುವುದು ಸಂಗೀತದ ಪತ್ತೇದಾರಿ ಕೆಲಸ.

ಮೂರು ಸ್ವರದ ಆಟ

1930ರ ಆಗಸ್ಟ್ 28ರಂದು ರಿಚ್‌ಮಂಡ್‌ನ ಜೆನೆಟ್ ಕಂಪನಿಯ ಸ್ಟುಡಿಯೋಗೆ ಬಂದವನು ವಿಂಗಿ ಮನೋನ್, ನ್ಯೂ ಆರ್ಲಿಯನ್ಸ್‌ನ ಟ್ರಂಪೆಟ್ ವಾದಕ. ಬಾಲ್ಯದಲ್ಲಿ ಟ್ರ್ಯಾಮ್ ಅಪಘಾತದಲ್ಲಿ ಬಲಗೈ ಕಳೆದುಕೊಂಡಿದ್ದ. ಒಂದೇ ಕೈಯಲ್ಲಿ ವಾದ್ಯ ಹಿಡಿದು ನುಡಿಸಿ ಹೆಸರು ಮಾಡಿದ. ಆ ಸ್ಟುಡಿಯೋ ಇದ್ದದ್ದು ರೈಲು ಹಳಿಯ ಪಕ್ಕದಲ್ಲಿ. ಗಾಡಿ ಹಾದುಹೋಗುವಾಗ ಧ್ವನಿಮುದ್ರಣ ನಿಲ್ಲಿಸಿ ಕಾಯಬೇಕಿತ್ತು. ಬಂಗಾರಪೇಟೆಯವರಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಅಂದು ಮುದ್ರಣವಾದ ಹಾಡುಗಳಲ್ಲೊಂದು ‘ಟಾರ್ ಪೇಪರ್ ಸ್ಟಾಂಪ್’. ಚಾಂಪಿಯನ್ ಪ್ಲೇಟಿನ ಮೇಲೆ ಮನೋನ್‌ನ ಹೆಸರೂ ಇರಲಿಲ್ಲ; ‘ಬಾರ್ಬೆಕ್ಯೂ ಜೋ ಅಂಡ್ ಹಿಸ್ ಹಾಟ್ ಡಾಗ್ಸ್’ ಎಂಬ ತಮಾಷೆಯ ಹೆಸರಿತ್ತು.

ಆ ರಿಫ್‌ನಲ್ಲಿ ಇರುವುದಾದರೂ ಏನು? ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶಂಕರಾಭರಣದ ಸ, ಗ, ಪ. ಮೂರೇ ಸ್ವರ ಗಾಣದೆತ್ತಿನಂತೆ ಸುತ್ತುತ್ತವೆ. ಚಮತ್ಕಾರವಿರುವುದು ತಾಳದಲ್ಲಿ. ಒಂದು ಆವರ್ತಕ್ಕೆ ನಾಲ್ಕು ಪೆಟ್ಟು, ಪೆಟ್ಟಿಗೆ ಎರಡರಂತೆ ಎಂಟು ಸ್ವರ. ಮೂರರ ಗುಂಪು ಎಂಟರೊಳಗೆ ಸಮನಾಗಿ ಕೂರುವುದಿಲ್ಲ. ಹೀಗಾಗಿ ಪ್ರತಿ ಸುತ್ತಿನಲ್ಲೂ ಒತ್ತು ಬೀಳುವ ಜಾಗ ಜರುಗುತ್ತ ಹೋಗುತ್ತದೆ. ಚತುರಶ್ರ ನಡೆಯೊಳಗೆ ತಿಶ್ರದ ಲೆಕ್ಕ ಹಾಕುವ ಮೃದಂಗ ವಿದ್ವಾಂಸರಿಗೆ ಇದು ಮಕ್ಕಳಾಟ. ಆದರೆ ಕುಣಿಯುವವನ ಕಾಲಿಗೆ ಈ ಜರುಗಾಟ ಕಚಗುಳಿಯಿಟ್ಟಂತೆ. ನಿಂತಲ್ಲಿ ನಿಲ್ಲಲು ಬಿಡುವುದಿಲ್ಲ.

ಇದಕ್ಕೆ ನೆಲಗಟ್ಟಾಗಿರುವುದು ಬ್ಲೂಸ್. ಹನ್ನೆರಡು ಆವರ್ತಗಳ ಚೌಕಟ್ಟು, ಅಮೆರಿಕದ ಕಪ್ಪುಜನರ ಕೊಡುಗೆ. ನಮ್ಮ ಭಾಮಿನಿ ಷಟ್ಪದಿಯ ಹಾಗೆ ಅದು ಯಾರೊಬ್ಬರ ಆಸ್ತಿಯೂ ಅಲ್ಲ, ಯಾರು ಬೇಕಾದರೂ ಅದರಲ್ಲಿ ಕಟ್ಟಬಹುದು. ಮನೋನ್‌ನ ರಿಫ್ ಕೂಡ ಅವನ ತಲೆಯಲ್ಲೇ ಹುಟ್ಟಿತೋ, ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಕಿವಿಗೆ ಬಿದ್ದದ್ದೋ ಎಂದು ಆಣೆ ಮಾಡಿ ಹೇಳುವವರಿಲ್ಲ. ಪ್ಲೇಟಿನ ಸಾಕ್ಷಿಯ ಮಟ್ಟಿಗೆ ಅವನೇ ಮೊದಲಿಗ.

ಕೈಯಿಂದ ಕೈಗೆ

ಏಳು ತಿಂಗಳೂ ತುಂಬಿರಲಿಲ್ಲ. 1931ರ ಮಾರ್ಚ್ 19ರಂದು ನ್ಯೂಯಾರ್ಕಿನ ಫ್ಲೆಚರ್ ಹೆಂಡರ್‌ಸನ್ ತಂಡ ‘ಹಾಟ್ ಅಂಡ್ ಆಂಕ್ಷಿಯಸ್’ ಎಂಬ ಹಾಡು ಮುದ್ರಿಸಿತು. ಕಟ್ಟಿದವನು ಫ್ಲೆಚರನ ತಮ್ಮ ಹೊರೇಸ್. ಅದರಲ್ಲಿ ಇದೇ ರಿಫ್ ಇದೆ. ರಿಚ್‌ಮಂಡ್‌ನಲ್ಲಿ ಪುಟ್ಟ ತಂಡದ ಗದ್ದಲದಲ್ಲಿ ಹುಟ್ಟಿದ ತುಣುಕು ಇಲ್ಲಿ ದೊಡ್ಡ ತಂಡದ ಶಿಸ್ತಿಗೆ ಬಿದ್ದಿದೆ. 1932ರಲ್ಲಿ ಡಾನ್ ರೆಡ್‌ಮನ್ ಅದೇ ಹಾಡನ್ನು ಮತ್ತೊಮ್ಮೆ ಮುದ್ರಿಸಿದ.

1935ರಲ್ಲಿ ಮಿಲ್ಸ್ ಬ್ಲೂ ರಿದಂ ಬ್ಯಾಂಡ್ ಎಂಬ ತಂಡದ ‘ದೇರ್ಸ್ ರಿದಂ ಇನ್ ಹಾರ್ಲೆಂ’ ಪ್ಲೇಟಿನಲ್ಲಿ ರಿಫ್ ಮತ್ತೆ ಕಾಣಿಸಿಕೊಳ್ಳುತ್ತದೆ. ಅದನ್ನು ರಚಿಸಿದವನು ಜೋ ಗಾರ್ಲಂಡ್, ಸ್ಯಾಕ್ಸೋಫೋನ್ ವಾದಕ. ಗಾರ್ಲಂಡ್ ಅಷ್ಟಕ್ಕೇ ಬಿಡಲಿಲ್ಲ. ರಿಫ್ ಅನ್ನು ಹಾಡಿನ ನಡುವಿನಿಂದ ಎತ್ತಿ ಅದನ್ನೇ ಹಾಡಿನ ಬೆನ್ನೆಲುಬು ಮಾಡಿದ. ಹೆಸರಿಟ್ಟ: ‘ಇನ್ ದ ಮೂಡ್’. 1938ರ ಫೆಬ್ರುವರಿಯಲ್ಲಿ ಎಡ್ಗರ್ ಹೇಯ್ಸ್‌ನ ತಂಡ ಅದನ್ನು ಡೆಕ್ಕಾ ಕಂಪನಿಗೆ ಮುದ್ರಿಸಿಕೊಟ್ಟಾಗ ಗಾರ್ಲಂಡ್ ತಾನೂ ಆ ತಂಡದಲ್ಲಿದ್ದ. ಆಮೇಲೆ ಅದನ್ನು ಆರ್ಟಿ ಷಾ ಎಂಬ ಖ್ಯಾತ ಕ್ಲಾರಿಯೋನೆಟ್ ವಾದಕನಿಗೆ ಕೊಟ್ಟ. ಷಾ ರೇಡಿಯೋದಲ್ಲಿ ನುಡಿಸಿದ, ಆದರೆ ಪ್ಲೇಟಿಗೆ ಹಾಕಲಿಲ್ಲ. ಕಾರಣ ಬಹಳ ಸರಳ. ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಅವನ ತಂಡ ನುಡಿಸುತ್ತಿದ್ದದ್ದು ಅದರ ಎರಡರಷ್ಟು.

ಕೊನೆಗೆ ಅದು ಗ್ಲೆನ್ ಮಿಲ್ಲರ್‌ನ ಕೈಗೆ ಬಂತು. ಟ್ರಾಂಬೋನ್ ವಾದಕ ಮಿಲ್ಲರ್ ಕತ್ತರಿ ಹಿಡಿದು ಕೂತ. ಬೇಡದ್ದನ್ನೆಲ್ಲ ತೆಗೆದ. ಇಬ್ಬರು ಸ್ಯಾಕ್ಸೋಫೋನ್ ವಾದಕರ ಜುಗಲಬಂದಿ ಉಳಿಸಿದ. ಹಾಡಿನ ಕೊನೆಯಲ್ಲಿ ಒಂದು ಮೋಸದ ಆಟ ಹೂಡಿದ: ರಿಫ್ ಮೆಲ್ಲಗಾಗುತ್ತ, ಇನ್ನೂ ಮೆಲ್ಲಗಾಗುತ್ತ ಹೋಗಿ, ಇನ್ನೇನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಇಡೀ ತಂಡ ಒಮ್ಮೆಗೇ ಸಿಡಿಯುತ್ತದೆ. 1939ರ ಆಗಸ್ಟ್ 1ರಂದು ಬ್ಲೂಬರ್ಡ್ ಪ್ಲೇಟಿಗೆ ಮುದ್ರಣವಾಯಿತು. ಮುಂದಿನ ತಿಂಗಳ ಆರಂಭದಲ್ಲೇ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಆ ಯುದ್ಧಕಾಲದ ಸಂಗೀತ ಯಾವುದು ಎಂದು ಕೇಳಿದರೆ ಇಂದಿಗೂ ಜಗತ್ತು ತೋರಿಸುವುದು ಈ ಪ್ಲೇಟನ್ನೇ. ಮಿಲ್ಲರ್ ಅದೇ ಯುದ್ಧದಲ್ಲಿ, 1944ರ ಡಿಸೆಂಬರ್ 15ರಂದು, ಇಂಗ್ಲಿಷ್ ಕಾಲುವೆಯ ಮೇಲೆ ವಿಮಾನಸಮೇತ ಕಣ್ಮರೆಯಾದ.

ಇಲ್ಲಿ ಕಳ್ಳ ಯಾರು? ಪ್ಲೇಟುಗಳನ್ನು ಕ್ರಮವಾಗಿ ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. ಮನೋನ್‌ನಲ್ಲಿ ಅದು ಹೊಳಹು. ಹೆಂಡರ್‌ಸನ್‌ರಲ್ಲಿ ಒಂದು ಅಲಂಕಾರ. ಗಾರ್ಲಂಡ್‌ನಲ್ಲಿ ಕಟ್ಟಡ. ಮಿಲ್ಲರ್‌ನಲ್ಲಿ ನಾಟಕ. ಪ್ರತಿಯೊಬ್ಬನೂ ಏನನ್ನೋ ಸೇರಿಸಿದ್ದಾನೆ ಇಲ್ಲವೇ ಕಳೆದಿದ್ದಾನೆ. ಕಳೆಯುವುದೂ ಒಂದು ವಿದ್ಯೆ. ನನ್ನ ಮಟ್ಟಿಗೆ ಮಿಲ್ಲರ್‌ನ ಪ್ಲೇಟು ಇವುಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು, ಅತ್ಯಂತ ಬಿಸಿಯಾದದ್ದಲ್ಲ. ತಕರಾರು ಇರುವುದು ಸಂಗೀತದಲ್ಲಲ್ಲ, ಪ್ಲೇಟಿನ ನಡುವೆ ಅಂಟಿಸಿದ ದುಂಡನೆಯ ಚೀಟಿಯಲ್ಲಿ. ಅದರ ಮೇಲೆ ಹಾಡಿನ ಹೆಸರಿನ ಕೆಳಗೆ ಆವರಣದೊಳಗೆ ಪುಟ್ಟ ಅಕ್ಷರಗಳಲ್ಲಿ ರಚನಕಾರನ ಹೆಸರು ಇರುತ್ತದೆ. ರಾಯಲ್ಟಿ ಹಣ ಹರಿಯುವುದು ಆ ಆವರಣದೊಳಗಿನ ಹೆಸರಿಗೆ. ಅಲ್ಲಿ ಗಾರ್ಲಂಡ್ ಇದ್ದ, ಮನೋನ್ ಇರಲಿಲ್ಲ.

ಇದಕ್ಕೆ ಕಾನೂನಿನ ಬೆಂಬಲವೂ ಇತ್ತು. ಅಮೆರಿಕದ ಅಂದಿನ ಹಕ್ಕುಸ್ವಾಮ್ಯ ಕಾನೂನು ಕಾಗದದ ಮೇಲೆ ಬರೆದು ನೋಂದಾಯಿಸಿದ ಸಂಗೀತವನ್ನು ಕಾಯುತ್ತಿತ್ತು. ಪ್ಲೇಟಿನ ಮೇಲೆ ಕೊರೆದ ಧ್ವನಿಗೆ ಅಲ್ಲಿಯ ಕೇಂದ್ರ ಕಾನೂನಿನ ರಕ್ಷಣೆ ಸಿಕ್ಕಿದ್ದು 1972ರಲ್ಲಿ. ಅಲ್ಲಿಯವರೆಗೆ, ನುಡಿಸಿ ಮುದ್ರಿಸಿ ಬರೆಯದೆ ಬಿಟ್ಟವನ ಮಟ್ಟು ಬೇಲಿಯಿಲ್ಲದ ಹೊಲ. ಕಿವಿ ಚುರುಕಾಗಿದ್ದವನು ಕೇಳಿಸಿಕೊಂಡು, ಸ್ವರ ಬರೆದು, ತನ್ನ ಹೆಸರಿನಲ್ಲಿ ನೋಂದಾಯಿಸಿದರೆ ಅದು ಅವನದು. ‘ಇನ್ ದ ಮೂಡ್’ ಗೆದ್ದ ಮೇಲೆ ಮನೋನ್ ತಕರಾರು ಎತ್ತದಿರಲೆಂದು ಅವನಿಗೆ ಒಂದಿಷ್ಟು ಹಣ ಕೊಟ್ಟರು ಎಂಬ ಮಾತು ಜಾಝ್ ವಲಯದಲ್ಲಿ ಇದೆ. ಮನೋನ್ ತಾನೂ ತನ್ನ ಹಳೆಯ ರಿಫ್ ಅನ್ನು 1939ರಲ್ಲಿ ‘ಜಂಪಿ ನರ್ವ್ಸ್’ ಎಂಬ ಹೆಸರಿನಲ್ಲಿ ಮತ್ತೆ ಮುದ್ರಿಸಿದ. ಅದೂ ಮಿಲ್ಲರ್‌ನ ಅದೇ ಬ್ಲೂಬರ್ಡ್ ಕಂಪನಿಗೆ!

ಇದೊಂದೇ ಉದಾಹರಣೆಯಲ್ಲ. ಕೌಂಟ್ ಬೇಸಿಯ ತಂಡ 1937ರ ಜುಲೈನಲ್ಲಿ ಮುದ್ರಿಸಿದ ‘ಒನ್ ಓ ಕ್ಲಾಕ್ ಜಂಪ್’ ಸ್ವಿಂಗ್ ಯುಗದ ಇನ್ನೊಂದು ಮಹಾ ಪ್ಲೇಟು. ಕಾಗದದ ಮೇಲೆ ಬರೆಯದೆ, ರಾತ್ರಿ ರಾತ್ರಿ ನುಡಿಸುತ್ತ ತಂಡದವರೆಲ್ಲ ಸೇರಿ ಕಟ್ಟಿದ ಹಾಡದು. ಅದರ ಮೂಲ ಹೆಸರು ಪೋಲಿಯಾಗಿದ್ದರಿಂದ ರೇಡಿಯೋ ಉದ್ಘೋಷಕ ಗಡಿಯಾರ ನೋಡಿ ‘ಒಂದು ಗಂಟೆಯ ನೆಗೆತ’ ಎಂದುಬಿಟ್ಟನಂತೆ. ಹಾಡಿನ ಕೊನೆಗೆ ಮೊಳಗುವ ರಿಫ್ 1929ರಲ್ಲಿ ಚಾಕೊಲೆಟ್ ಡ್ಯಾಂಡೀಸ್ ಎಂಬ ತಂಡ ಮುದ್ರಿಸಿದ ‘ಸಿಕ್ಸ್ ಆರ್ ಸೆವೆನ್ ಟೈಮ್ಸ್’ನಿಂದ ಬಂದದ್ದು. ಕಟ್ಟುವಲ್ಲಿ ಬಸ್ಟರ್ ಸ್ಮಿತ್, ಎಡ್ಡಿ ಡರ್‌ಹ್ಯಾಂ ಕೈಜೋಡಿಸಿದ್ದರು ಎಂದು ಚರಿತ್ರಕಾರರು ಹೇಳುತ್ತಾರೆ. ಚೀಟಿಯ ಆವರಣದೊಳಗೆ ಬೇಸಿಯ ಹೆಸರೊಂದೇ. ಹಾಗೆಂದು ಬೇಸಿ ದುಡ್ಡು ಬಾಚಿಕೊಂಡನೇ ಎಂದರೆ, ಡೆಕ್ಕಾ ಕಂಪನಿಯೊಡನೆ ಅವನು ಮಾಡಿಕೊಂಡಿದ್ದ ಕರಾರು ಹೀಗಿತ್ತು: 24 ಹಾಡಿಗೆ ಒಟ್ಟು 750 ಡಾಲರ್, ಪ್ಲೇಟು ಎಷ್ಟೇ ಮಾರಾಟವಾದರೂ ರಾಯಲ್ಟಿ ಇಲ್ಲ. ದೊಡ್ಡ ಮೀನನ್ನು ಇನ್ನೂ ದೊಡ್ಡ ಮೀನು ನುಂಗಿತ್ತು.

ರೈಲಿನ ಊರಿನವರಿಗಾಗಿ ಇನ್ನೊಂದು. 1952ರಲ್ಲಿ ಅಮೆರಿಕದಲ್ಲಿ ಮನೆಮಾತಾದ ಜಿಮ್ಮಿ ಫಾರೆಸ್ಟ್‌ನ ‘ನೈಟ್ ಟ್ರೈನ್’ ಕೇಳಿದರೆ ಗಾಡಿಯ ಗಡಗಡ ಸದ್ದು ಕಣ್ಣಿಗೆ ಕಟ್ಟುತ್ತದೆ. ಆ ರಿಫ್ ಡ್ಯೂಕ್ ಎಲಿಂಗ್ಟನ್‌ನ 1946ರ ‘ಹ್ಯಾಪಿ ಗೋ ಲಕ್ಕಿ ಲೋಕಲ್’ನದು, ಅದೂ ನಿಲ್ದಾಣ ನಿಲ್ದಾಣಕ್ಕೂ ನಿಲ್ಲುವ ಲೋಕಲ್ ಗಾಡಿಯ ಹಾಡೇ. ಫಾರೆಸ್ಟ್ ಎಲಿಂಗ್ಟನ್‌ನ ತಂಡದಲ್ಲಿ ಕೆಲಸ ಮಾಡಿದ್ದವನು. ಎಲಿಂಗ್ಟನ್‌ಗೆ ಅನ್ಯಾಯವಾಯಿತು ಎಂದು ಮರುಗುವ ಮೊದಲು 1940ರ ‘ದಟ್ಸ್ ದ ಬ್ಲೂಸ್ ಓಲ್ಡ್ ಮ್ಯಾನ್’ ಪ್ಲೇಟು ಕೇಳಬೇಕು. ಎಲಿಂಗ್ಟನ್‌ನ ತಂಡದ ಸ್ಯಾಕ್ಸೋಫೋನ್ ವಾದಕ ಜಾನಿ ಹಾಡ್ಜಸ್‌ನ ಆ ಪ್ಲೇಟಿನಲ್ಲಿ ರಿಫ್ ಆಗಲೇ ಇದೆ.

ಅರಗಿನ ತಟ್ಟೆ

ಈ ಪ್ಲೇಟುಗಳಿಗೂ ಭಾರತಕ್ಕೂ ಕೇಳುವವರ ನಂಟಿಗಿಂತ ಗಟ್ಟಿಯಾದ ಇನ್ನೊಂದು ನಂಟಿದೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ತಟ್ಟೆಗಳ ಮುಖ್ಯ ಅಂಟು ಅರಗು. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಅದೇ ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಅರಗಿನ ಹುಳು ಮರದ ಕೊಂಬೆಗೆ ಮೆತ್ತಿದ್ದನ್ನು ಕೆರೆದು ಶೋಧಿಸಿ ಹಡಗಿಗೆ ಹಾಕಿದರೆ ಅಮೆರಿಕದಲ್ಲಿ ಪ್ಲೇಟಾಗುತ್ತಿತ್ತು. ಯುದ್ಧ ಬಂದು ಹಡಗು ಸಂಚಾರ ಕೆಟ್ಟಾಗ 1942ರ ಏಪ್ರಿಲ್‌ನಲ್ಲಿ ಅಲ್ಲಿಯ ಸರ್ಕಾರ ಪ್ಲೇಟು ತಯಾರಿಕೆಗೆ ಬಳಸುವ ಅರಗನ್ನು ಶೇಕಡಾ 70ರಷ್ಟು ಕಡಿತ ಮಾಡಿತು. ಅದೇ ಆಗಸ್ಟ್‌ನಿಂದ ವಾದಕರ ಸಂಘ ಧ್ವನಿಮುದ್ರಣಕ್ಕೇ ಬಹಿಷ್ಕಾರ ಹಾಕಿತು. ಬೇಡಿಕೆ ಏನೆಂದರೆ, ಪ್ಲೇಟು ತಿರುಗಿದಷ್ಟೂ ಕಂಪನಿಗೆ ಲಾಭ, ನುಡಿಸಿದವನಿಗೆ ಒಂದು ದಿನದ ಕೂಲಿ ಮಾತ್ರವೇ ಎಂಬುದು. ದೊಡ್ಡ ಕಂಪನಿಗಳಾದ ವಿಕ್ಟರ್, ಕೊಲಂಬಿಯಾ ಮಣಿಯಲು 1944ರ ನವೆಂಬರ್‌ವರೆಗೆ ಕಾಯಬೇಕಾಯಿತು.

ಅತ್ತ ಬರ ಇದ್ದರೂ ಇತ್ತ ಸಂಗೀತ ಹರಿದು ಬಂತು. ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಎಚ್.ಎಂ.ವಿ. ಮತ್ತು ಕೊಲಂಬಿಯಾ ಪ್ಲೇಟುಗಳು ಅಚ್ಚಾಗುತ್ತಿದ್ದವು. ಷಿಕಾಗೋದಿಂದ ಬಂದಿದ್ದ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಕಲ್ಕತ್ತೆಯಲ್ಲೇ ತಂಡ ಕಟ್ಟಿ ಪ್ಲೇಟು ಕೊಟ್ಟು, 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡ. ಇನ್ನು ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆಯ ವಾಯುಪಡೆಗೆ ವಹಿಸಲಾಗಿತ್ತು. ಅಮೆರಿಕದ ಸೈನಿಕರಿದ್ದ ಕಡೆಗೆ ವಿ-ಡಿಸ್ಕ್ ಎಂಬ ಉಚಿತ ಪ್ಲೇಟುಗಳು ಸರ್ಕಾರದ ಲೆಕ್ಕದಲ್ಲೇ ಹೋಗುತ್ತಿದ್ದವು. ಬಹಿಷ್ಕಾರದಿಂದ ಅವಕ್ಕೆ ವಿನಾಯಿತಿ ಇತ್ತು. ಬೆಂಗಳೂರಿನಿಂದ ಚಿನ್ನದ ಗಣಿಗೆ ಒಂದು ಹಗಲಿನ ಪ್ರಯಾಣವೂ ಇಲ್ಲ.

ನಮ್ಮವರು ಮಾಡಿದ್ದು

ಎರವಲು ಮಟ್ಟಿನ ಮಾತು ಬಂದಾಗ ನಾವೇನೂ ದೂರ ನಿಂತು ತೀರ್ಪು ಕೊಡುವವರಲ್ಲ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕೋಟೆಯಲ್ಲಿ ಇಂಗ್ಲಿಷ್ ಬ್ಯಾಂಡ್ ಕೇಳಿ, ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ‘ಸಂತತಂ ಪಾಹಿಮಾಂ’ ಕೃತಿಯ ಮಟ್ಟು ಬ್ರಿಟಿಷರ ರಾಷ್ಟ್ರಗೀತೆಯದೇ. ಈ ರಚನೆಗಳೂ ಶಂಕರಾಭರಣದವೇ. ಆದರೆ ಇವಕ್ಕೆ ನೋಟ್ಟುಸ್ವರ ಎಂಬ ಹೆಸರಿದೆ ಎಂಬುದನ್ನು ಗಮನಿಸಬೇಕು. ಇಂಗ್ಲಿಷ್ ನೋಟಿನಿಂದ ಬಂದದ್ದು ಎಂದು ಹೆಸರೇ ಸಾರುತ್ತದೆ. ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಮುತ್ತಯ್ಯ ಭಾಗವತರು ಪಾಶ್ಚಾತ್ಯ ಧಾಟಿಯಲ್ಲಿ ಕಟ್ಟಿ, ಮಧುರೆ ಮಣಿ ಅಯ್ಯರ್ ಕಚೇರಿಗಳಲ್ಲಿ ಪ್ರಸಿದ್ಧಗೊಳಿಸಿದ ‘ಇಂಗ್ಲಿಷ್ ನೋಟ್’ ಕೂಡ ಅಷ್ಟೆ. ನಮ್ಮ ಕಂಪನಿ ನಾಟಕಗಳು ಮರಾಠಿ ರಂಗಗೀತೆಯ, ಪಾರ್ಸಿ ನಾಟಕದ ಮಟ್ಟುಗಳನ್ನು ಯಥೇಚ್ಛ ತಂದವು. ಹಳೆಯ ಹಾಡಿನ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚು ಹಾಕುವ ವಾಡಿಕೆ ಇತ್ತು. ಹಾಡುವವನಿಗೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು ಅದು; ಸಾಲ ಒಪ್ಪಿಕೊಂಡ ಪತ್ರವೂ ಆಯಿತು. ಬ್ಲೂಬರ್ಡ್ ಚೀಟಿಯ ಮೇಲೆ ‘ಟಾರ್ ಪೇಪರ್ ಸ್ಟಾಂಪ್ ಮಟ್ಟು’ ಎಂದು ಒಂದು ಸಾಲು ಇದ್ದಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು.

ಸಿನಿಮಾ ಬಂದಮೇಲೆ ನಮ್ಮಲ್ಲೂ ಆ ಸಾಲು ಮಾಯವಾಯಿತು. ಸಿ. ರಾಮಚಂದ್ರ ಅವರ ‘ಗೋರೆ ಗೋರೆ’ (‘ಸಮಾಧಿ’, 1950) ಹಾಡು ಕಾರ್ಮೆನ್ ಮಿರಾಂಡಾ ಹಾಡಿದ್ದ ‘ಚಿಕೊ ಚಿಕೊ’ದಿಂದ ಬಂದದ್ದು. ಓ.ಪಿ. ನಯ್ಯರ್ ಅವರ ‘ಸಿ.ಐ.ಡಿ.’ (1956) ಚಿತ್ರದ ಬೊಂಬಾಯಿ ಹಾಡು ‘ಕ್ಲೆಮೆಂಟೈನ್’ ಎಂಬ ಅಮೆರಿಕನ್ ಜನಪದ ಗೀತೆಯ ಕೂಸು. ಈ ಮಟ್ಟುಗಳಿಗೆ ವಾದ್ಯಮೇಳ ಹೊಂದಿಸುತ್ತಿದ್ದವರು ಬಹುಪಾಲು ಗೋವಾದವರು, ಹೋಟೆಲುಗಳಲ್ಲಿ ಸ್ವಿಂಗ್ ನುಡಿಸಿ ಪಳಗಿದ ಕೈಗಳು. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎನಿಸಿಕೊಂಡ ಟ್ರಂಪೆಟ್ ವಾದಕ ಚಿಕ್ ಚಾಕೊಲೆಟ್ ಮತ್ತು ಅವರ ತಂಡ 1951ರ ‘ಅಲ್ಬೇಲಾ’ ಚಿತ್ರದಲ್ಲಿ ಪರದೆಯ ಮೇಲೂ ಕಾಣುತ್ತಾರೆ. ಅವರಿಗೆ ಸಿಗುತ್ತಿದ್ದದ್ದು ದಿನದ ಲೆಕ್ಕದ ಸಂಭಾವನೆ. ಆಂಥೊನಿ ಗೊನ್ಸಾಲ್ವಿಸ್ ಎಂಬ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು 1977ರಲ್ಲಿ, ಅಮಿತಾಭ್ ಬಚ್ಚನ್ ಮೊಟ್ಟೆಯೊಳಗಿಂದ ಎದ್ದು ಕುಣಿದಾಗ. ಆ ಹೆಸರಿನ ನಿಜವಾದ ಪಿಟೀಲು ವಿದ್ವಾಂಸರೊಬ್ಬರು ಇದ್ದರೆಂದು, ಅವರು ಸಂಗೀತ ನಿರ್ದೇಶಕ ಪ್ಯಾರೇಲಾಲರ ಗುರುವೆಂದು ಎಷ್ಟು ಜನಕ್ಕೆ ಗೊತ್ತಿತ್ತು? ಗೀತರಚನಕಾರರಿಗೂ ಸಂಗೀತ ರಚಿಸಿದವರಿಗೂ ರಾಯಲ್ಟಿಯ ಪಾಲನ್ನು ಯಾರೂ ಬರೆಸಿಕೊಳ್ಳಲಾಗದಂತೆ ನಮ್ಮ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾದದ್ದು 2012ರಲ್ಲಿ.

ಚಿನ್ನದ ಗಣಿಗಳು 1956ರಲ್ಲಿ ಸರ್ಕಾರದ ವಶಕ್ಕೆ ಬಂದವು. ಇಂಗ್ಲಿಷರು ಹೊರಟರು. ಆಂಗ್ಲೋ ಇಂಡಿಯನ್ ಕುಟುಂಬಗಳು ಒಂದೊಂದಾಗಿ ಇಂಗ್ಲೆಂಡ್, ಆಸ್ಟ್ರೇಲಿಯಾ ಸೇರಿದವು. 2001ರ ಫೆಬ್ರುವರಿ 28ರಂದು ಗಣಿಗಳೇ ಮುಚ್ಚಿದವು. ಹತ್ತಿಂಚಿನ ಅರಗಿನ ಪ್ಲೇಟೊಂದು ಸುಮಾರು ಕಾಲು ಕಿಲೋ ತೂಗುತ್ತದೆ, ಕೈಜಾರಿದರೆ ಹಪ್ಪಳದಂತೆ ಒಡೆಯುತ್ತದೆ. ಹಡಗು ಹತ್ತುವವರ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. ಅಂಥ ಪ್ಲೇಟುಗಳು ಬೆಂಗಳೂರಿನ ಭಾನುವಾರದ ಸಂತೆಯಲ್ಲೋ ಗುಜರಿ ಅಂಗಡಿಯಲ್ಲೋ ಕೈಗೆ ಸಿಕ್ಕರೆ ಮೊದಲು ಚೀಟಿಯ ಆವರಣದೊಳಗಿನ ಹೆಸರು ಓದಿ. ಆಮೇಲೆ ಚೀಟಿಯ ಅಂಚಿಗೆ ಒತ್ತಿಕೊಂಡು ಪ್ಲೇಟಿನ ಮೈಯಲ್ಲೇ ಕೊರೆದಿರುವ ಅಂಕೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಚೀಟಿ ಬದಲಾಗಬಹುದು, ಕಂಪನಿಯ ಹೆಸರು ಬದಲಾಗಬಹುದು. ಧ್ವನಿಮುದ್ರಣದ ಸರದಿಯ ಆ ಅಂಕೆ ಇದ್ದರೆ ಯಾವ ದಿನ ಯಾವ ಕೋಣೆಯಲ್ಲಿ ನುಡಿಸಿದ್ದು ಎಂದು ಪತ್ತೆ ಹಚ್ಚಬಹುದು. ಉಕ್ಕಿನ ಮುಳ್ಳು ಹಾಕುವವರು ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕು, ಇಲ್ಲದಿದ್ದರೆ ಪ್ಲೇಟು ಸವೆಯುತ್ತದೆ.

ಪ್ಲೇಟು ಸಿಗದವರಿಗೂ ಚಿಂತೆಯಿಲ್ಲ. ಮೇಲೆ ಹೇಳಿದ ಹಾಡುಗಳೆಲ್ಲ ಈಗ ಮೊಬೈಲ್ ಫೋನಿನಲ್ಲೇ ಸಿಗುತ್ತವೆ. ಮೊದಲು ಮನೋನ್, ಆಮೇಲೆ ಹೆಂಡರ್‌ಸನ್, ಮಿಲ್ಸ್ ತಂಡ, ಹೇಯ್ಸ್, ಕೊನೆಗೆ ಮಿಲ್ಲರ್. ಇದೇ ಕ್ರಮದಲ್ಲಿ ಕೇಳಿದರೆ ಎಲ್ಲ ಸೇರಿ ಇಪ್ಪತ್ತು ನಿಮಿಷವೂ ಬೇಡ. ಹೇಯ್ಸ್‌ನ ಮೂಲ ಪ್ಲೇಟನ್ನೇ ಹುಡುಕುವ ಹಟವಿದ್ದವರು ‘ಸ್ಟಾರ್ ಡಸ್ಟ್’ ಎಂಬ ಹೆಸರಿನಲ್ಲಿ ಹುಡುಕಬೇಕು. ಅಂದು ಜನ ಕೊಂಡದ್ದು ಆ ಹಾಡಿಗಾಗಿ. ‘ಇನ್ ದ ಮೂಡ್’ ಇದ್ದದ್ದು ಅದರ ಹಿಂಬದಿಯಲ್ಲಿ.